ಘಾನಾದಲ್ಲಿ ಮಿಷನರಿ ಸೇವೆ: ಬಿಡುವಿನ ದಿನ ಊರು ನೋಡಲು ಹೋಗಬಹುದಾ? ಎಲ್ಲೆಲ್ಲಿಗೆ?

ಹೊರಟವರು

ಎಲ್ಲರಿಗೂ ನಮಸ್ಕಾರ.

ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸದಿಂದ ನಿವೃತ್ತರಾಗಿದ್ದೇವೆ. ಮಕ್ಕಳು ಅವರವರ ಕಾಲ ಮೇಲೆ ನಿಂತಿದ್ದಾರೆ. ಬಹಳ ವರ್ಷದಿಂದ ಮನಸ್ಸಿನಲ್ಲಿದ್ದ ಆಸೆ ಈಗ ಕೈಗೂಡಿದೆ. ಘಾನಾ ದೇಶದ ಅಕ್ರಾದಲ್ಲಿ ಒಂದು ಕ್ರೈಸ್ತ ಸಭೆಯ ಜೊತೆ ಸೇರಿ ಸೇವೆ ಮಾಡಲು ಹೊರಟಿದ್ದೇವೆ. ನನಗೆ ಹೆಂಗಸರಿಗೆ ಓದು ಬರಹ ಕಲಿಸುವ ಕೆಲಸ. ಅವರಿಗೆ ಸಭೆಯ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಸೋಮವಾರ ಬಿಡುವು.

ಬಿಡುವಿನ ದಿನ ನಾವು ಊರು ನೋಡಲು ಹೋಗಬಹುದಾ? ಯಜಮಾನರು ಆಗಲೇ ಮ್ಯಾಪ್ ಹಿಡಿದು ಕೂತಿದ್ದಾರೆ. ನನಗೆ ಮಾತ್ರ ಒಂಥರಾ ಹಿಂಜರಿಕೆ. ನಮ್ಮ ಖರ್ಚಿನ ಒಂದು ಪಾಲನ್ನು ಇಲ್ಲಿನ ಸಭೆಯವರು ಕೊಡುತ್ತಿದ್ದಾರೆ. ಸೇವೆಗೆ ಅಂತ ಹೋಗಿ ಟೂರಿಸ್ಟ್ ಥರ ಓಡಾಡಿದರೆ ಅವರು ಏನಂದುಕೊಳ್ಳುತ್ತಾರೆ? ಅಲ್ಲಿನ ಜನ ಏನಂದುಕೊಳ್ಳುತ್ತಾರೆ?

ಹೋಗಬಹುದು ಅನ್ನುವುದಾದರೆ, ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರುವಂಥ ಜಾಗಗಳನ್ನು ಹೇಳಿ. ಅಲ್ಲಿ ಇದ್ದು ಬಂದವರು, ಈಗ ಇರುವವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ತೆಮಾ_ನಿವಾಸಿ

ಅಕ್ಕಾ, ಒಳ್ಳೆಯ ಊರಿಗೆ ಬರುತ್ತಿದ್ದೀರಿ. ನಾನು ತೆಮಾದಲ್ಲಿ ಕೆಲಸಕ್ಕಿದ್ದೇನೆ. ಅಕ್ರಾದ ಪಕ್ಕದ ಬಂದರು ಪಟ್ಟಣ ಇದು. ಶೂನ್ಯ ರೇಖಾಂಶ ನಮ್ಮ ಊರಿನ ಮೇಲೇ ಹಾದುಹೋಗುತ್ತದೆ. ನಾನು ಚರ್ಚಿನವನಲ್ಲ, ಹಾಗಾಗಿ ಹೋಗಬಹುದಾ ಅನ್ನೋದಕ್ಕೆ ಬೇರೆಯವರು ಉತ್ತರ ಕೊಡಲಿ. ದಾರಿ ವಿಷಯ ನಾನು ಹೇಳುತ್ತೇನೆ.

ಅಕ್ರಾದಿಂದ ಒಂದು ದಿನಕ್ಕೆ ಮೂರು ದಿಕ್ಕು ಇಟ್ಟುಕೊಳ್ಳಿ. ಪಶ್ಚಿಮಕ್ಕೆ ಕರಾವಳಿ ಹಿಡಿದರೆ ಕೇಪ್ ಕೋಸ್ಟ್, ಸುಮಾರು 150 ಕಿಲೋಮೀಟರ್. ಅಲ್ಲಿಂದ ಎಲ್ಮಿನಾ ಹತ್ತಿರವೇ. ಒಳನಾಡಿನ ಕಡೆ 30 ಕಿಲೋಮೀಟರ್ ಹೋದರೆ ಕಾಕುಮ್ ಕಾಡು. ಉತ್ತರಕ್ಕೆ ಬೆಟ್ಟ ಹತ್ತಿದರೆ ಅಬುರಿ, ಇದು ಎಲ್ಲಕ್ಕಿಂತ ಹತ್ತಿರ, ಅಲ್ಲಿ ಹವೆಯೂ ತಂಪು. ಈಶಾನ್ಯಕ್ಕೆ ಅಕೊಸೊಂಬೊ ಅಣೆಕಟ್ಟು, ನೂರು ಕಿಲೋಮೀಟರ್ ಆಸುಪಾಸು. ಕುಮಾಸಿ, ವ್ಲಿ ಜಲಪಾತ, ಉತ್ತರದ ಮೋಲೆ ಅಭಯಾರಣ್ಯ ಇವೆಲ್ಲ ಒಂದು ದಿನದ ಮಾತಲ್ಲ. ಯಾರಾದರೂ ಹೋಗಿಬರಬಹುದು ಅಂದರೆ ನಂಬಬೇಡಿ.

ಕೇಪ್ ಕೋಸ್ಟ್‌ಗೆ ಹೋಗುವ ದಿನ ಬೆಳಗಿನ ಜಾವವೇ ಮನೆ ಬಿಡಿ. ಅಕ್ರಾ ದಾಟಿದ ಮೇಲೆ ಕಸೋವಾ ಅಂತ ಊರು ಬರುತ್ತದೆ. ಅಲ್ಲಿ ಸಿಕ್ಕಿಹಾಕಿಕೊಂಡರೆ ಅರ್ಧ ಬೆಳಗ್ಗೆ ಅಲ್ಲೇ ಕಳೆಯಿತು ಅಂತ ಲೆಕ್ಕ. ಟ್ರೋಟ್ರೋ ಅನ್ನುವ ಮಿನಿ ಬಸ್ಸುಗಳು ಎಲ್ಲ ಕಡೆಗೂ ಇವೆ. ಅಗ್ಗ, ಆದರೆ ಸೀಟು ತುಂಬುವವರೆಗೂ ಹೊರಡುವುದಿಲ್ಲ. ನಿಮ್ಮ ವಯಸ್ಸಿಗೆ ಊರೊಳಗೆ ಸರಿ, ದೂರಕ್ಕೆ ಬೇಡ. ಸಭೆಯವರಿಗೆ ಪರಿಚಯ ಇರುವ ಡ್ರೈವರ್‌ನನ್ನೇ ಇಡೀ ದಿನಕ್ಕೆ ಗೊತ್ತು ಮಾಡಿಕೊಳ್ಳಿ. ಪೆಟ್ರೋಲ್ ಯಾರದು, ಊಟ ಯಾರದು ಎಲ್ಲ ಹಿಂದಿನ ದಿನವೇ ಮಾತಾಡಿ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಇರಬೇಡಿ. ಕೆಟ್ಟು ನಿಂತ ಲಾರಿ ದೀಪವಿಲ್ಲದೆ ರಸ್ತೆ ಮಧ್ಯದಲ್ಲೇ ಇರುತ್ತದೆ.

ಸೋಮವಾರ ಬಿಡುವು ಸಿಕ್ಕಿದ್ದು ಒಳ್ಳೆಯದಾಯಿತು. ಶನಿವಾರ ಇಲ್ಲಿ ಶವಸಂಸ್ಕಾರದ ದಿನ. ಕಪ್ಪು, ಕೆಂಪು ಬಟ್ಟೆ ತೊಟ್ಟವರು ಬಸ್ಸುಗಟ್ಟಲೆ ಊರಿಂದ ಊರಿಗೆ ಹೊರಡುತ್ತಾರೆ, ರಸ್ತೆ ತುಂಬಿಹೋಗುತ್ತದೆ.

ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಕಾರ್ಡ್ ಇಲ್ಲದೆ ಈ ದೇಶದೊಳಗೆ ಬಿಡುವುದಿಲ್ಲ. ಹಾಕಿಸಿಕೊಂಡು 10 ದಿನ ಆದ ಮೇಲೆಯೇ ಅದು ಲೆಕ್ಕಕ್ಕೆ ಬರುವುದು. ವಾಪಸ್ ಹೋಗುವಾಗಲೂ ಅದೇ ಕಾರ್ಡ್ ಕೇಳುತ್ತಾರೆ, ಜೋಪಾನ. ಮಲೇರಿಯಾ ಮಾತ್ರೆ ಬಗ್ಗೆ ಡಾಕ್ಟರ ಹತ್ತಿರ ಮೊದಲೇ ಮಾತಾಡಿ.

ಖಜಾಂಚಿ

ಅಮ್ಮಾ, ನಿಮ್ಮ ಹಿಂಜರಿಕೆ ನನಗೆ ಸರಿ ಅನ್ನಿಸಿತು. ಸಭೆಯ ಹಣದ ಪೆಟ್ಟಿಗೆ ನೋಡಿಕೊಂಡು ಬಂದವನು ನಾನು. ಕಾಣಿಕೆ ಚೀಲದಲ್ಲಿ ಯಾವ ಯಾವ ಕೈಯ ದುಡ್ಡು ಬೀಳುತ್ತದೆ ಅಂತ ಗೊತ್ತು. ಮನೆ ಕೆಲಸ ಮಾಡಿ ಕೂಡಿಟ್ಟದ್ದನ್ನು ತಂದು ಮಿಷನ್‌ಗೆ ಅಂತ ಹಾಕುವ ವಿಧವೆಯರಿದ್ದಾರೆ. ಅವರ ದುಡ್ಡಿನಲ್ಲಿ ಕಾಡು, ಜಲಪಾತ ನೋಡಲು ಹೋಗಬಾರದು. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಸ್ವಂತ ಪೆನ್ಷನ್ ದುಡ್ಡಿನಲ್ಲಿ ಹೋದರೆ ಯಾರ ಅಡ್ಡಿಯೂ ಇಲ್ಲ. ಆದರೆ ಲೆಕ್ಕ ಬೇರೆ ಇಡಿ. ಎರಡು ಪುಸ್ತಕ, ಎರಡು ಪರ್ಸು. ಮತ್ತೆ ಹೋದದ್ದನ್ನು ಮುಚ್ಚಿಡಬೇಡಿ. ಸಭೆಗೆ ಕಳಿಸುವ ವರದಿಯಲ್ಲೇ ಬರೆಯಿರಿ, ಸೋಮವಾರ ಇಂಥ ಕಡೆ ಹೋಗಿದ್ದೆವು, ಖರ್ಚು ನಮ್ಮದು ಅಂತ. ಯಾರದೋ ಫೋನಿನಲ್ಲಿ ಫೋಟೋ ನೋಡಿ ಗೊತ್ತಾದರೆ ಅಲ್ಲಿಂದ ಅನುಮಾನ ಶುರುವಾಗುತ್ತದೆ.

ಹಳೇ_ಎಲ್ಡರ್

ನಾನು ಲ್ಯಾಟರ್ ಡೇ ಸೇಂಟ್ಸ್, ಅಂದರೆ ಮಾರ್ಮನ್ ಸಭೆಯಿಂದ ಘಾನಾದಲ್ಲಿ ಸೇವೆ ಮಾಡಿದವನು. ನಮ್ಮಲ್ಲಿ ಇದಕ್ಕೆ ಕಟ್ಟುನಿಟ್ಟಾದ ಪದ್ಧತಿ ಇದೆ, ಬೇರೆ ಸಭೆಯವರಿಗೂ ಉಪಯೋಗವಾಗಬಹುದು ಅಂತ ಬರೆಯುತ್ತಿದ್ದೇನೆ.

ಹುಡುಗರಿಗೆ 24 ತಿಂಗಳ ಸೇವೆ, ಹುಡುಗಿಯರಿಗೆ 18. ವಾರದಲ್ಲಿ ಒಂದು ದಿನ ತಯಾರಿಯ ದಿನ. ಪಿ ಡೇ ಅಂತೀವಿ. ಬಟ್ಟೆ ಒಗೆಯುವುದು, ಮನೆ ಗುಡಿಸುವುದು, ಸಾಮಾನು ತರುವುದು, ಮನೆಗೆ ಕಾಗದ ಬರೆಯುವುದು, ಈಗ ಫೋನ್ ಮಾಡುವುದು, ಎಲ್ಲ ಅವತ್ತೇ. ಇದೆಲ್ಲ ಮುಗಿದ ಮೇಲೆ ಊರು ನೋಡುವ ಮಾತು. ಸಂಜೆಯಿಂದ ಮತ್ತೆ ಕೆಲಸ. ಜೊತೆಗಾರನನ್ನು ಬಿಟ್ಟು ಎಲ್ಲೂ ಹೋಗುವಂತಿಲ್ಲ. ನಮಗೆ ಕೊಟ್ಟ ಪ್ರದೇಶ ದಾಟಬೇಕಾದರೆ ಮಿಷನ್ ಅಧ್ಯಕ್ಷರ ಒಪ್ಪಿಗೆ ಬೇಕು. ನೀರಿಗೆ ಇಳಿದು ಈಜುವಂತಿಲ್ಲ. ಕೇಪ್ ಕೋಸ್ಟ್ ಕಡಲು ಎದುರಿಗೇ ಇದ್ದರೂ ಪ್ಯಾಂಟು ಮಡಿಚಿಕೊಂಡು ಮರಳಲ್ಲಿ ನಡೆಯುವುದಷ್ಟೇ.

ನಿಮ್ಮ ಹಾಗೆ ದಂಪತಿಯಾಗಿ ಬರುವ ಹಿರಿಯರಿಗೆ ಇಷ್ಟೊಂದು ಕಟ್ಟು ಇರಲಿಲ್ಲ. ಅವರು ಕಾರು ಮಾಡಿಕೊಂಡು ಹೋಗಿಬರುತ್ತಿದ್ದರು. ಆದರೂ ಮೊದಲೇ ತಿಳಿಸಿ ಹೋಗುತ್ತಿದ್ದರು. ನೀವು ಯಾರ ಕೈಕೆಳಗೆ ಸೇವೆ ಮಾಡುತ್ತೀರೋ ಅವರಿಗೆ ಎಲ್ಲಿಗೆ, ಯಾರ ಗಾಡಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮೆಸೇಜ್ ಹಾಕಿ. ಕೇಳುವುದು ಅವಮಾನ ಅಲ್ಲ. ಗಾಡಿ ಕೆಟ್ಟರೆ ಹುಡುಕಿಕೊಂಡು ಬರುವವರು ಅವರೇ ಅಲ್ವಾ?

ಇಡೀ ವಾರ ಬಾಗಿಲು ಬಾಗಿಲು ಸುತ್ತಿ, ಬಿಸಿಲಲ್ಲಿ ಬೆಂದು, ಮನೆ ನೆನಪಾಗಿ ಅತ್ತ ಹುಡುಗರನ್ನು ನೋಡಿದ್ದೇನೆ. ಕಾಕುಮ್ ಕಾಡಿಗೆ ಹೋಗಿಬಂದ ಮೇಲೆ ಅದೇ ಹುಡುಗರು ಮಾರನೇ ದಿನ ನಗುತ್ತಾ ಹೊರಟರು. ಅಲ್ಲಿ ದೊಡ್ಡ ಮರಗಳ ನಡುವೆ ಹಗ್ಗ, ಬಲೆ, ಹಲಗೆಯಲ್ಲಿ ಕಟ್ಟಿದ ತೂಗುಸೇತುವೆಗಳಿವೆ. ಒಟ್ಟು ಏಳು, ಸುಮಾರು 350 ಮೀಟರ್ ಉದ್ದ, ಕೆಲವು ಕಡೆ ನೆಲದಿಂದ 40 ಮೀಟರ್‌ವರೆಗೂ ಎತ್ತರ. 1995ರಿಂದ ಇದೆ. ಹಲಗೆ ಒಂದು ಅಡಿಯಷ್ಟೇ ಅಗಲ. ಮುಂದಿನವರು ಹೆಜ್ಜೆ ಇಟ್ಟಾಗ ನಿಮ್ಮ ಕಾಲ ಕೆಳಗಿನದೂ ಅಲುಗುತ್ತದೆ. ಎರಡು ಕೈಯಲ್ಲೂ ಹಗ್ಗ ಹಿಡಿದು ನಡೆಯಬೇಕು, ಫೋನ್ ಜೇಬಲ್ಲೇ ಇರಲಿ. ಶಾಲೆ ಮಕ್ಕಳ ಗುಂಪು ಬರುವ ಮೊದಲು ಬೆಳಿಗ್ಗೆ ಬೇಗ ತಲುಪಿದರೆ ಹಕ್ಕಿ ಕೂಗು ಕೇಳುತ್ತದೆ. ಕಾಡಾನೆ ಇವೆ, ಕಾಣಿಸುವುದು ಅಪರೂಪ. ಮಂಡಿ ನೋವಿದ್ದರೆ ಯೋಚಿಸಿ ಹೋಗಿ, ಸೇತುವೆ ತಲುಪಲು ಕಲ್ಲಿನ ಮೆಟ್ಟಿಲು ಹತ್ತಬೇಕು.

ಚರಿತ್ರೆ_ಮೇಷ್ಟ್ರು

ಹೋಗಬಹುದಾ ಅಂತ ಕೇಳಿದಿರಿ. ನಾನು ಹೇಳುವುದು, ಹೋಗಲೇಬೇಕು. ಕಾಡಿಗೆ ಆಮೇಲೆ ಹೋಗಿ. ಮೊದಲು ಕೇಪ್ ಕೋಸ್ಟ್ ಕೋಟೆ, ಎಲ್ಮಿನಾ ಕೋಟೆ ನೋಡಿ. ಕ್ರೈಸ್ತ ಸೇವೆಗೆ ಅಂತ ಆ ದೇಶಕ್ಕೆ ಕಾಲಿಡುವ ಯಾರೇ ಆಗಲಿ, ಮೊದಲ ಒಂದೆರಡು ತಿಂಗಳಲ್ಲೇ ಅಲ್ಲಿಗೆ ಹೋಗಿ ನಿಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ. ನೀವು ಪ್ರತಿ ಭಾನುವಾರ ಯಾರ ಪಕ್ಕದಲ್ಲಿ ಕೂತು ಹಾಡುತ್ತೀರೋ ಅವರ ಪೂರ್ವಿಕರ ಕಥೆ ಅಲ್ಲಿದೆ. ನಮ್ಮ ಧರ್ಮದ ಕಥೆಯೂ ಅಲ್ಲೇ ಇದೆ.

ಎಲ್ಮಿನಾ ಕೋಟೆಯನ್ನು ಪೋರ್ಚುಗೀಸರು ಕಟ್ಟಿದ್ದು 1482ರಲ್ಲಿ. 1637ರಲ್ಲಿ ಡಚ್ಚರು ಕಿತ್ತುಕೊಂಡರು. 1872ರಲ್ಲಿ ಬ್ರಿಟಿಷರಿಗೆ ಹೋಯಿತು. ಮೊದಮೊದಲು ಚಿನ್ನದ ವ್ಯಾಪಾರ, ಆಮೇಲೆ ಮನುಷ್ಯರ ವ್ಯಾಪಾರ. ಅಂಗಳದ ನಡುವೆ ಪೋರ್ಚುಗೀಸರ ಚರ್ಚ್ ಇತ್ತು, ಡಚ್ಚರು ಅದನ್ನು ಬೇರೆ ಕೆಲಸಕ್ಕೆ ಬಳಸಿ, ತಮಗೆ ಅಂತ ಮಹಡಿಯಲ್ಲಿ ಒಂದು ಪ್ರಾರ್ಥನಾ ಕೋಣೆ ಮಾಡಿಕೊಂಡರು. ಅದರ ಬಾಗಿಲ ಮೇಲೆ ಡಚ್ ಭಾಷೆಯಲ್ಲಿ 132ನೇ ಕೀರ್ತನೆಯ ಮಾತು ಬರೆದಿದೆ, ಇದು ಕರ್ತನ ವಿಶ್ರಾಂತಿಯ ಸ್ಥಳ ಅಂತ. ಅದೇ ಕಟ್ಟಡದ ಕೆಳಗೆ ಹೆಂಗಸರನ್ನು ಕೂಡಿಹಾಕುತ್ತಿದ್ದ ಕತ್ತಲೆ ಕೋಣೆಗಳು. ಅವರ ಅಂಗಳ ಕಾಣುವ ಹಾಗೆ ಗವರ್ನರನ ಮೊಗಸಾಲೆ. ಅಲ್ಲಿ ನಿಂತು ಅವನು ಹೆಣ್ಣನ್ನು ಆರಿಸುತ್ತಿದ್ದ ಅಂತ ಗೈಡ್ ಹೇಳುತ್ತಾರೆ.

ಕೇಪ್ ಕೋಸ್ಟ್ ಕೋಟೆಯಲ್ಲಿ ಗಂಡಸರ ನೆಲಮಾಳಿಗೆಗೆ ಇಳಿಜಾರಿನಲ್ಲಿ ಇಳಿಯಬೇಕು. ಎತ್ತರದಲ್ಲಿ ಸಣ್ಣ ಕಿಂಡಿ, ಅಷ್ಟೇ ಬೆಳಕು. ನೆಲದ ಮಧ್ಯೆ ಕಾಲುವೆ ಥರ ಒಂದು ತೋಡು, ಮಲಮೂತ್ರ ಹರಿದುಹೋಗಲು. ಗೈಡ್ ದೀಪ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಲು ಹೇಳಿದರೆ ನಿಲ್ಲಿ. ಆ ನೆಲಮಾಳಿಗೆಯ ಮೇಲೆಯೇ ಬ್ರಿಟಿಷರ ಆಂಗ್ಲಿಕನ್ ಪ್ರಾರ್ಥನಾ ಕೋಣೆ ಇತ್ತು. ಮೇಲೆ ಹಾಡು, ಕೆಳಗೆ ಸಂಕೋಲೆ.

ಇನ್ನೊಂದು ಸಂಗತಿ ಗೈಡ್ ಹೇಳದಿದ್ದರೆ ನೀವೇ ಕೇಳಿ. ಅಂಗಳದಲ್ಲಿ ಫಿಲಿಪ್ ಕ್ವಾಕು ಅವರ ಸಮಾಧಿ ಇದೆ. ಕೇಪ್ ಕೋಸ್ಟ್‌ನವರೇ. 1754ರಲ್ಲಿ ಹುಡುಗನಾಗಿದ್ದಾಗ ಓದಲು ಇಂಗ್ಲೆಂಡಿಗೆ ಕಳಿಸಿದರು. 1765ರಲ್ಲಿ ಆಂಗ್ಲಿಕನ್ ಪಾದ್ರಿಯಾಗಿ ದೀಕ್ಷೆ ಪಡೆದರು. ಆ ಸಭೆಯಲ್ಲಿ ದೀಕ್ಷೆ ಪಡೆದ ಮೊದಲ ಆಫ್ರಿಕನ್ ಅವರು. ಮಾರನೇ ವರ್ಷ ವಾಪಸ್ ಬಂದು 1816ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೋಟೆಯ ಪಾದ್ರಿಯಾಗಿದ್ದರು, ಮಕ್ಕಳಿಗೆ ಶಾಲೆ ನಡೆಸಿದರು. ಬ್ರಿಟಿಷರು ಗುಲಾಮರ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ. ಅಂದರೆ 40 ವರ್ಷಕ್ಕೂ ಜಾಸ್ತಿ ಕಾಲ ಅವರು ಅಲ್ಲಿ ಪ್ರಾರ್ಥನೆ ನಡೆಸುತ್ತಿದ್ದಾಗ, ಅವರದೇ ನೆಲದ ಜನರನ್ನು ಕೆಳಗಿನಿಂದ ಹಡಗಿಗೆ ಸಾಗಿಸುತ್ತಿದ್ದರು. ಆ ಮನುಷ್ಯನ ಮನಸ್ಸಿನಲ್ಲಿ ಏನಿತ್ತೋ. ಮಿಷನರಿಯಾಗಿ ಹೋಗುವವರು ಆ ಕಲ್ಲಿನ ಮುಂದೆ ನಿಂತು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ್ದು ಬಹಳ ಇದೆ. ನನ್ನ ಕೆಲಸ ಯಾರ ರಕ್ಷಣೆಯಲ್ಲಿ ನಡೆಯುತ್ತಿದೆ? ಯಾರ ಅನ್ಯಾಯ ಕಂಡೂ ನಾನು ಬಾಯಿ ಮುಚ್ಚಿಕೊಂಡಿದ್ದೇನೆ?

ಸಮಯ ಸಾಲದಿದ್ದರೆ ಒಂದೇ ಕೋಟೆ ನೋಡಿ, ಪೂರ್ತಿ ನೋಡಿ. ಕೋಟೆ ಮತ್ತು ಕಾಕುಮ್ ಎರಡನ್ನೂ ಒಂದೇ ದಿನಕ್ಕೆ ತುರುಕುವವರು ಬಹಳ. ನೆಲಮಾಳಿಗೆಯಿಂದ ಮೇಲೆ ಬಂದ ಅರ್ಧ ಗಂಟೆಗೆ ತೂಗುಸೇತುವೆ ಮೇಲೆ ನಗುತ್ತಾ ಫೋಟೋ ತೆಗೆಸಿಕೊಳ್ಳಲು ನನ್ನಿಂದಂತೂ ಆಗುವುದಿಲ್ಲ.

ಹೊರಟವರು

ಮೇಷ್ಟ್ರೇ, ನಿಮ್ಮ ಬರಹ ಓದಿ ಯಜಮಾನರು ಮ್ಯಾಪ್ ಮಡಿಚಿಟ್ಟು ಸುಮ್ಮನೆ ಕೂತರು. ಖಜಾಂಚಿಯವರು ಹೇಳಿದ ಎರಡು ಪರ್ಸಿನ ಮಾತು ಒಪ್ಪಿದೆ, ಹಾಗೇ ಮಾಡುತ್ತೇವೆ.

ಇನ್ನೊಂದು ಸಂದೇಹ. ಆ ಕೋಟೆಗೆ ಅಲ್ಲಿನ ಸಭೆಯವರನ್ನೂ ಕರೆದುಕೊಂಡು ಹೋಗಬಹುದಾ? ಅವರ ನೋವಿನ ಜಾಗಕ್ಕೆ ನಾವು ಹೊರಗಿನವರು ಕರೆಯುವುದು ತಪ್ಪಾಗುತ್ತಾ? ಅವರನ್ನು ಬಿಟ್ಟು ನಾವಿಬ್ಬರೇ ಹೋಗುವುದೂ ಸರಿ ಅನ್ನಿಸುತ್ತಿಲ್ಲ.

ಸಿಸ್ಟರ್_ತಮ್ಮ

ನಮ್ಮ ಅಕ್ಕ ಕನ್ಯಾಸ್ತ್ರೀ, ಬಹಳ ಕಾಲ ಘಾನಾದಲ್ಲಿ ನರ್ಸಾಗಿ ಸೇವೆ ಮಾಡಿದ್ದಾಳೆ. ಈ ಪ್ರಶ್ನೆ ಓದಿ ಅವಳಿಗೇ ಫೋನ್ ಮಾಡಿದೆ. ಅವಳು ಹೇಳಿದ್ದನ್ನು ಬರೆಯುತ್ತೇನೆ.

ನೀವು ಕರೆಯಬೇಡಿ, ನಿಮ್ಮನ್ನು ಕರೆದುಕೊಂಡು ಹೋಗಿ ಅಂತ ಕೇಳಿ ಅಂದಳು. ಇದರಲ್ಲಿ ಬಹಳ ವ್ಯತ್ಯಾಸ ಇದೆ. ಆಗ ಅವರು ಮನೆಯವರು, ನೀವು ನೆಂಟರು. ಎಲ್ಲಿ ನಿಲ್ಲಬೇಕು, ಎಲ್ಲಿ ಹೊರಡಬೇಕು ಅವರೇ ಹೇಳುತ್ತಾರೆ. ಅಕ್ರಾದಲ್ಲಿ ಹುಟ್ಟಿ ಬೆಳೆದು ಒಂದು ಸಲವೂ ಆ ಕೋಟೆ ಒಳಗೆ ಹೋಗದವರು ಎಷ್ಟೋ ಜನ ಇದ್ದಾರಂತೆ. ಬಸ್ಸಿನ ದುಡ್ಡು ಹೊಂದಿಸುವುದು ಕಷ್ಟ. ಕೆಲವರಿಗೆ ಮನಸ್ಸು ಬರುವುದಿಲ್ಲ. ಬರುವುದಿಲ್ಲ ಅಂದವರನ್ನು ಒತ್ತಾಯ ಮಾಡಬೇಡಿ. ಬಂದವರು ಒಳಗೆ ಅತ್ತರೆ ಸಮಾಧಾನದ ಮಾತು ಹುಡುಕಬೇಡಿ, ಪಕ್ಕದಲ್ಲಿ ಇರಿ ಸಾಕು.

ಅಸ್ಸಿನ್ ಮನ್ಸೊ ಅನ್ನುವ ಊರಿನ ಬಗ್ಗೆಯೂ ಹೇಳಿದಳು. ಕೇಪ್ ಕೋಸ್ಟ್‌ನಿಂದ ಕುಮಾಸಿ ರಸ್ತೆಯಲ್ಲಿ 40 ಕಿಲೋಮೀಟರ್ ಆಗಬಹುದು. ಉತ್ತರದಿಂದ ನಡೆಸಿಕೊಂಡು ತಂದ ಗುಲಾಮರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದ ಹೊಳೆ ಅಲ್ಲಿದೆ. ಸಂದರ್ಶಕರು ಚಪ್ಪಲಿ ಬಿಟ್ಟು ಹೊಳೆಗೆ ನಡೆದು ಹೋಗುತ್ತಾರೆ. 1998ರಲ್ಲಿ ಅಮೆರಿಕದಿಂದ ಒಬ್ಬರ, ಜಮೈಕಾದಿಂದ ಒಬ್ಬರ ಅಸ್ಥಿ ತಂದು ಆ ಊರಲ್ಲಿ ಮಣ್ಣು ಮಾಡಿದರು. ಇಬ್ಬರೂ ಗುಲಾಮರಾಗಿದ್ದವರು. ಅವರನ್ನು ಕೇಪ್ ಕೋಸ್ಟ್ ಕೋಟೆಗೆ ಸಮುದ್ರದ ಕಡೆಯಿಂದ, ಹಿಂದೆ ಯಾವ ಬಾಗಿಲಿನಿಂದ ಹೋದವರು ತಿರುಗಿ ಬರುತ್ತಿರಲಿಲ್ಲವೋ ಅದೇ ಬಾಗಿಲಿನಿಂದ ಒಳಗೆ ತಂದರು. ಕೋಟೆಯ ಆ ಬಾಗಿಲಿಗೆ ಹೊರಗಡೆಯಿಂದ ಈಗ ಮರಳಿ ಬರುವ ಬಾಗಿಲು ಅಂತ ಬೋರ್ಡಿದೆ. ಅಕ್ಕನಿಗೆ ಬಹಳ ಹಿಡಿಸಿದ್ದು ಅದು.

ಫೋಟೋ ಬಗ್ಗೆ ಅಕ್ಕ ಖಡಾಖಂಡಿತ. ದಾರಿಯಲ್ಲಿ ಸಿಕ್ಕ ಮಕ್ಕಳ ಫೋಟೋ ತೆಗೆದು ಸೇವೆಯ ಫೋಟೋ ಅಂತ ಊರಿಗೆ ಕಳಿಸಬೇಡಿ. ಅದು ಆ ಮಕ್ಕಳಿಗೂ ಅನ್ಯಾಯ, ದುಡ್ಡು ಕೊಟ್ಟವರಿಗೂ ಮೋಸ. ದೊಡ್ಡವರದ್ದಾದರೂ ಕೇಳಿಯೇ ತೆಗೆಯಿರಿ, ಕೇಳದೆ ತೆಗೆದರೆ ಬಹಳ ಜನ ಸಿಟ್ಟಾಗುತ್ತಾರೆ. ಕೊಡುವುದು, ತೆಗೆದುಕೊಳ್ಳುವುದು, ಕೈ ಬೀಸಿ ಕರೆಯುವುದು ಎಲ್ಲ ಬಲಗೈಯಲ್ಲೇ.

ತೆಮಾ_ನಿವಾಸಿ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಕೋಟೆ ಹೊರಗೆ ಏನಾಗುತ್ತೆ ಅಂತ ಸ್ವಲ್ಪ ಸೇರಿಸುತ್ತೇನೆ.

ಕಾರು ಇಳಿದ ತಕ್ಷಣ ಹುಡುಗರು ಬಂದು ಪ್ರೀತಿಯಿಂದ ಹೆಸರು ಕೇಳುತ್ತಾರೆ. ನೀವು ಒಳಗೆ ಹೋಗಿ ಬರುವಷ್ಟರಲ್ಲಿ ಕಪ್ಪೆಚಿಪ್ಪಿನ ಮೇಲೆ ನಿಮ್ಮ ಹೆಸರು ಬರೆದು ಇಟ್ಟುಕೊಂಡಿರುತ್ತಾರೆ. ದುಡ್ಡು ಕೊಡಿ ಅಂತ ಹಿಂದೆ ಬೀಳುತ್ತಾರೆ. ಬೇಡ ಅಂತ ಮೊದಲೇ ನಗುತ್ತಾ ಹೇಳಿಬಿಡಿ. ಒರಟಾಗಿ ಹೇಳಬೇಡಿ, ಓದು ಬಿಟ್ಟು ಅದನ್ನೇ ನಂಬಿಕೊಂಡ ಹುಡುಗರು. ಟಿಕೆಟ್ ದರ ಘಾನಾದವರಿಗೆ ಒಂದು, ಹೊರಗಿನವರಿಗೆ ಒಂದು. ಹೊರಗಿನವರ ದರ ಜಾಸ್ತಿ, ಚೌಕಾಸಿಗೆ ಇಳಿಯಬೇಡಿ. ಸೆಡಿ ನೋಟು ಚಿಲ್ಲರೆ ಮಾಡಿಸಿಕೊಂಡು ಹೋಗಿ.

ಎಂದಾದರೂ ಮಂಗಳವಾರ ಬಿಡುವು ಸಿಕ್ಕರೆ ಎಲ್ಮಿನಾಕ್ಕೆ ಅವತ್ತೇ ಹೋಗಿ. ಮಂಗಳವಾರ ಈ ಕರಾವಳಿಯ ಮೀನುಗಾರರು ಕಡಲಿಗೆ ಇಳಿಯುವುದಿಲ್ಲ, ಅದು ಸಮುದ್ರಕ್ಕೆ ಬಿಟ್ಟ ದಿನ. ಕೋಟೆ ಮುಂದಿನ ಹಿನ್ನೀರಿನಲ್ಲಿ ಬಣ್ಣ ಬಳಿದ ಉದ್ದ ದೋಣಿಗಳು ಒತ್ತಾಗಿ ನಿಂತಿರುತ್ತವೆ, ಪ್ರತಿಯೊಂದಕ್ಕೂ ಬಾವುಟ. ಬೈಬಲ್ಲಿನ ವಚನ ಬರೆದ ದೋಣಿಗಳೇ ಎಷ್ಟೋ. ಗಂಡಸರು ದಡದಲ್ಲಿ ಕೂತು ಬಲೆ ಹೊಲಿಯುತ್ತಿರುತ್ತಾರೆ. ಮಾತಿಗೆ ಸಿಗುವ ದಿನ ಅದೇ.

ಚರ್ಚಿನವರಾದ ನಿಮಗೆ ಇದು ಗೊತ್ತಿರಬೇಕು. ಅಕ್ರಾ ಗಾ ಜನರ ಊರು. ಅವರ ಹೊಮೊವೊ ಹಬ್ಬಕ್ಕೆ ಮುಂಚೆ, ಮೇ ಜೂನ್ ಹೊತ್ತಿಗೆ, ಒಂದು ತಿಂಗಳು ಡೋಲು, ಜೋರು ಸದ್ದು ನಿಷೇಧ. ಚರ್ಚುಗಳೂ ಮೈಕ್ ತಗ್ಗಿಸಬೇಕು. ಹಿಂದೆ ಇದೇ ವಿಷಯಕ್ಕೆ ಚರ್ಚುಗಳಿಗೂ ಗಾ ಜನರಿಗೂ ದೊಡ್ಡ ಜಗಳಗಳಾಗಿವೆ. ಆ ಸಮಯದಲ್ಲಿ ಹೊರಗಿಂದ ಬಂದವರು ಎಚ್ಚರವಾಗಿರಬೇಕು.

ಚರಿತ್ರೆ_ಮೇಷ್ಟ್ರು

ಅಬುರಿ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ಎಲ್ಲರೂ ಅಲ್ಲಿನ ಸಸ್ಯೋದ್ಯಾನ ನೋಡಿ ವಾಪಸ್ ಬರುತ್ತಾರೆ. 1890ರಲ್ಲಿ ಶುರುವಾದದ್ದು, ಸಾಲು ಪಾಮ್ ಮರದ ದಾರಿ ಚೆನ್ನಾಗಿದೆ. ಆದರೆ ಅದೇ ಬೆಟ್ಟದ ಸಾಲಿನಲ್ಲಿ ಇನ್ನೂ ಮುಂದೆ ಹೋಗಿ. ಮಾಂಪಾಂಗ್ ಬರುತ್ತದೆ. ಟೆಟ್ಟೆ ಕ್ವಾರ್ಶಿ ಅನ್ನುವವರು ಫರ್ನಾಂಡೋ ಪೋ ದ್ವೀಪದಿಂದ ಕೋಕೋ ಬೀಜ ತಂದು 1879ರಲ್ಲಿ ನೆಟ್ಟ ತೋಟ ಅಲ್ಲಿದೆ. ಇವತ್ತು ಜಗತ್ತಿನಲ್ಲಿ ಕೋಕೋ ಬೆಳೆಯುವ ದೊಡ್ಡ ದೇಶಗಳಲ್ಲಿ ಘಾನಾ ಒಂದು. ಟೆಟ್ಟೆ ಕ್ವಾರ್ಶಿ ಕಮ್ಮಾರಿಕೆ ಕಲಿತದ್ದು ಬಾಸೆಲ್ ಮಿಷನ್ನಿನ ಕಾರ್ಯಾಗಾರದಲ್ಲಿ.

ಹೌದು, ನಮಗೆ ಗೊತ್ತಿರುವ ಅದೇ ಬಾಸೆಲ್ ಮಿಷನ್. ಮಂಗಳೂರಿಗೆ 1834ರಲ್ಲಿ ಬರುವ ಮೊದಲೇ, 1828ರಲ್ಲಿ, ಅವರು ನಾಲ್ಕು ಜನರನ್ನು ಅಕ್ರಾಕ್ಕೆ ಕಳಿಸಿದ್ದರು. ಒಂದು ವರ್ಷ ತುಂಬುವುದರೊಳಗೆ ಮೂವರು ಜ್ವರಕ್ಕೆ ಹೋದರು. ಉಳಿದೊಬ್ಬರೂ ಬಹಳ ಕಾಲ ಬದುಕಲಿಲ್ಲ. ಆಮೇಲೆ ಬಂದ ಆಂಡ್ರಿಯಾಸ್ ರೀಸ್ ಕರಾವಳಿ ಬಿಟ್ಟು ಈ ಬೆಟ್ಟದ ಅಕ್ರೊಪಾಂಗ್‌ಗೆ ಹೋದರು. ಅಲ್ಲಿ ಸಭೆ ಬೇರೂರಲು ಮುಖ್ಯ ಕಾರಣ 1843ರಲ್ಲಿ ಬಂದ ವೆಸ್ಟ್ ಇಂಡೀಸಿನ ಕುಟುಂಬಗಳು, ಮೊರಾವಿಯನ್ ಅನ್ನುವ ಪ್ರೊಟೆಸ್ಟಂಟ್ ಸಭೆಯವರು. ಗುಲಾಮರಾಗಿ ಕಡಲು ದಾಟಿದವರ ಮಕ್ಕಳು, ಮೊಮ್ಮಕ್ಕಳು ಅವರು. ಸ್ವತಂತ್ರರಾಗಿ, ಕುಟುಂಬ ಸಮೇತ, ಸೇವೆಗೆ ಅಂತ ಆಫ್ರಿಕಾಕ್ಕೆ ಮರಳಿದರು. ಮಾವು ಮುಂತಾದ ಗಿಡಗಳನ್ನೂ ತಂದರು. 1848ರಲ್ಲಿ ಶುರುವಾದ ಶಿಕ್ಷಕರ ತರಬೇತಿ ಶಾಲೆ ಅಕ್ರೊಪಾಂಗ್‌ನಲ್ಲಿ ಇವತ್ತಿಗೂ ನಡೆಯುತ್ತಿದೆ.

ಕಿಟ್ಟೆಲ್ ನಮ್ಮ ಕನ್ನಡ ನಿಘಂಟು ಹೊರತಂದದ್ದು 1894ರಲ್ಲಿ. ಅದೇ ಮಿಷನ್ನಿನ ಕ್ರಿಸ್ಟಾಲರ್ ಅಲ್ಲಿನ ಚ್ವೀ ಭಾಷೆಯ ನಿಘಂಟನ್ನು 1881ರಲ್ಲಿ ಮುಗಿಸಿದ್ದರು, ಸಾವಿರಾರು ಗಾದೆಗಳನ್ನೂ ಕೂಡಿಸಿದ್ದರು. ಅಕ್ಕಾ, ನೀವು ಓದು ಬರಹ ಕಲಿಸಲು ಹೋಗುತ್ತಿದ್ದೀರಿ. ಆ ಶಾಲೆಯ ಅಂಗಳಕ್ಕೆ ನಿಮ್ಮ ಹೆಂಗಸರ ಜೊತೆ ಹೋದರೆ ಅವರೇ ನಿಮಗೆ ಗಾದೆ ಕಲಿಸುತ್ತಾರೆ. ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಆ ಊರಲ್ಲಿ ಒಡ್ವಿರಾ ಹಬ್ಬ. ಅರಮನೆಯ ಮೆರವಣಿಗೆ ನೋಡಬಹುದು.

ಖಜಾಂಚಿ

ಮೇಷ್ಟ್ರು ಬರೆದದ್ದು ಓದಿದೆ. ಹಣದ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ಸಭೆಯ ಹೆಂಗಸರನ್ನು ಕರೆದುಕೊಂಡು ಅಕ್ರೊಪಾಂಗ್‌ಗೆ ಹೋಗುವುದಾದರೆ ಅದನ್ನು ನಾನು ತಿರುಗಾಟ ಅನ್ನುವುದಿಲ್ಲ, ತರಗತಿಯ ಭಾಗ. ಅವರ ಬಸ್ ಖರ್ಚಿಗೆ ಸಭೆ ಮುಂದೆ ಅರ್ಜಿ ಇಡಿ, ಮೊದಲೇ ಇಡಿ. ನಿಮ್ಮಿಬ್ಬರ ಖರ್ಚು ನೀವೇ ಹಾಕಿಕೊಳ್ಳಿ. ಇದು ನನ್ನ ಸಲಹೆ.

ಹೊರಟವರು

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ, ಅಕ್ರಾದಿಂದಲೇ. ನಿಮಗೆಲ್ಲ ತಿಳಿಸಬೇಕು ಅನ್ನಿಸಿತು.

ಮೊದಲು ಅಕ್ರೊಪಾಂಗ್‌ಗೆ ಹೋದೆವು. ಸಿಸ್ಟರ್ ಹೇಳಿದ ಹಾಗೇ, ನಮ್ಮನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುತ್ತೀರಾ ಅಂತ ತರಗತಿಯಲ್ಲಿ ಕೇಳಿದೆ. ಅವರಲ್ಲೇ ಮಾತುಕತೆ ನಡೆದು, ಬೆಟ್ಟದ ಮೇಲೆ ಒಬ್ಬರ ತವರು ಇದೆ, ಅಲ್ಲಿಗೆ ಹೋಗೋಣ ಅಂದರು. ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಆ ಮನೆಯ ಅಜ್ಜಿ ಪ್ರೆಸ್ಬಿಟೇರಿಯನ್ ಹಾಡಿನ ಪುಸ್ತಕ ತೆಗೆದು ಒಂದೊಂದೇ ಸಾಲು ಬೆರಳಿಟ್ಟು ಓದಿಸಿದರು. ನನ್ನ ತರಗತಿಯವರು, ತಿಂಗಳ ಹಿಂದೆ ಅಕ್ಷರ ತಡವರಿಸುತ್ತಿದ್ದವರು, ತಮ್ಮ ಭಾಷೆಯಲ್ಲಿ ನನಗಿಂತ ಮುಂದೆ ಓಡಿದರು. ಅವತ್ತು ಪಾಠ ಹೇಳಿಸಿಕೊಂಡವಳು ನಾನು.

ಕೇಪ್ ಕೋಸ್ಟ್ ಆಮೇಲೆ. ಸಭೆಯಿಂದ ಕೆಲವರು ಬಂದರು, ಕೆಲವರು ಬರಲಿಲ್ಲ. ನೆಲಮಾಳಿಗೆಯಲ್ಲಿ ನಮ್ಮ ಸಭಾಪಾಲಕರು ಪ್ರಾರ್ಥನೆ ಮಾಡಲಿಲ್ಲ. ಮಾಡಿ ಅಂತ ಯಾರೋ ಕೇಳಿದರು. ಈ ಗೋಡೆ ಪ್ರಾರ್ಥನೆ ಬಹಳ ಕೇಳಿದೆ ಅಂದು ತಲೆ ತಗ್ಗಿಸಿ ನಿಂತರು. ಕ್ವಾಕು ಸಮಾಧಿ ಹತ್ತಿರ ಮಾತ್ರ ಅವರೇ ಬಹಳ ಹೊತ್ತು ಮಾತಾಡಿದರು. ಅವರಿಗೆ ಆ ಮನುಷ್ಯನ ಮೇಲೆ ಕೋಪವೂ ಇದೆ, ಕನಿಕರವೂ ಇದೆ. ದಾರಿಯುದ್ದಕ್ಕೂ ಕಾರಿನಲ್ಲಿ ಅದೇ ಚರ್ಚೆ. ಆ ದಿನದಿಂದ ಅವರು ನಮ್ಮ ಜೊತೆ ಮಾತಾಡುವ ರೀತಿಯೇ ಬೇರೆ. ಸಭೆಯ ಕಷ್ಟ, ಒಳಜಗಳ, ಹೊರದೇಶದ ಸಹಾಯದಿಂದ ಆದ ಕಿರಿಕಿರಿ ಎಲ್ಲವನ್ನೂ ಬಿಚ್ಚಿ ಹೇಳುತ್ತಾರೆ. ಹೋಗದೇ ಇದ್ದಿದ್ದರೆ ಇದು ನಮಗೆ ಸಿಗುತ್ತಿರಲಿಲ್ಲ.

ಖಜಾಂಚಿಯವರೇ, ಎರಡು ಪುಸ್ತಕವೂ ಯಜಮಾನರ ಕೈಯಲ್ಲಿ ಭದ್ರವಾಗಿವೆ. ವರದಿಯಲ್ಲೂ ಬರೆದಿದ್ದೇವೆ. ಊರಿನ ಸಭೆಯವರು ಬೇಸರ ಮಾಡಿಕೊಳ್ಳಲಿಲ್ಲ, ಇನ್ನೂ ಬರೆಯಿರಿ ಅಂದರು.

ಈಗ ಅಕೊಸೊಂಬೊಗೆ ಹೋಗುವ ಯೋಚನೆ. ಮಳೆ ಶುರುವಾಗಿದೆ. ಹೋಗಬಹುದಾ?

ತೆಮಾ_ನಿವಾಸಿ

ಓದಿ ಬಹಳ ಖುಷಿಯಾಯಿತು ಅಕ್ಕಾ.

ಜೂನ್‌ನಲ್ಲಿ ಮಳೆ ಜೋರು, ಅಕ್ರಾ ರಸ್ತೆಗಳೇ ಮುಳುಗುತ್ತವೆ. ಜುಲೈ ಕೊನೆ, ಆಗಸ್ಟ್‌ನಲ್ಲಿ ಸ್ವಲ್ಪ ಬಿಡುವು ಕೊಡುತ್ತದೆ, ಆಗ ಹೋಗಿ. ಡಿಸೆಂಬರ್ ಕಳೆದರೆ ಹರ್ಮಟ್ಟಾನ್ ಗಾಳಿಯ ಧೂಳು, ದೂರದ್ದು ಏನೂ ಕಾಣಿಸುವುದಿಲ್ಲ. ಅಣೆಕಟ್ಟಿನ ಹತ್ತಿರ ಹೋಗಲು ವೋಲ್ಟಾ ನದಿ ಪ್ರಾಧಿಕಾರದ ಅನುಮತಿ ಬೇಕು, ಸಭೆಯವರಿಂದ ಒಂದು ಫೋನ್ ಮಾಡಿಸಿ ವಿಚಾರಿಸಿ ಹೊರಡಿ. ದಾರಿಯಲ್ಲಿ ಅಟಿಂಪೊಕು ಹತ್ತಿರ ಅಡೋಮಿ ಸೇತುವೆ ಬರುತ್ತದೆ. 1957ರದ್ದು, ಕಮಾನು ಚೆನ್ನಾಗಿದೆ, ಇಳಿದು ನೋಡಿ.

ಅಣೆಕಟ್ಟು ಕಟ್ಟಿದ್ದು 1961ರಿಂದ 1965ರವರೆಗೆ. ನೀರು ನಿಂತಾಗ ಸುಮ್ಮನೆ ಕೆರೆ ಆಗಲಿಲ್ಲ, ಸುಮಾರು 80,000 ಜನ ಮನೆ ಬಿಟ್ಟು ಎದ್ದುಹೋಗಬೇಕಾಯಿತು. 2023ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೀರು ಹೊರಬಿಟ್ಟಾಗ ಕೆಳಗಿನ ಮೆಪೆ ಮುಂತಾದ ಊರುಗಳು ಮುಳುಗಿದವು. ನಿಮ್ಮ ಸಭೆಯಲ್ಲಿ ಆ ಕಡೆಯವರು ಯಾರಾದರೂ ಇದ್ದರೆ ಅವರನ್ನೇ ದಾರಿ ತೋರಿಸಿ ಅಂತ ಕೇಳಿ. ಅಣೆಕಟ್ಟು ನೋಡಿದ ಮೇಲೆ ಅವರ ಊರಿಗೂ ಒಂದು ಗಂಟೆ ಇಟ್ಟುಕೊಳ್ಳಿ. ಡ್ರೈವರ್ ಬೇಕಿದ್ದರೆ ನಮ್ಮ ಕಡೆಯ ಒಬ್ಬರಿದ್ದಾರೆ, ನಿಧಾನ ಓಡಿಸುವವರು. ದಿನ ಗೊತ್ತಾದ ಮೇಲೆ ಇಲ್ಲೇ ತಿಳಿಸಿ, ಅವರಿಗೆ ಹೇಳಿಡುತ್ತೇನೆ.